ಉದ್ದನೆಯ ಇಂಗ್ಲಿಷ್ ಪದಗಳನ್ನು ಬಿಡಿಸಿ ಓದುವ ಬಗೆ

(ಸುವರ್ಣ ಮಹೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ನಾನು ಕೆಲಸಕ್ಕೆ ಸೇರಿದಾಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಲ್ಲೇ ಇತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂತು, ಈಗ ಎಲ್ಲರೂ ವಿಜಯನಗರ ಜಿಲ್ಲೆಯವರಾಗಿದ್ದೇವೆ. ಜಿಲ್ಲೆ ಬದಲಾಯಿತು, ಪಠ್ಯಪುಸ್ತಕ ಬದಲಾಯಿತು. ಬದಲಾಗದೆ ಉಳಿದದ್ದು ಒಂದು: ಇಂಗ್ಲಿಷ್ ಪುಸ್ತಕದಲ್ಲಿ ಹತ್ತಕ್ಷರಕ್ಕಿಂತ ಉದ್ದದ ಪದ ಬಂದ ಕೂಡಲೇ ನಮ್ಮ ಮಕ್ಕಳ ದನಿ ನಿಂತುಹೋಗುವುದು. ಈವತ್ತು ಅದರ ಬಗ್ಗೆ ಮಾತ್ರ ಮಾತನಾಡುತ್ತೇನೆ. ಶಾಲೆಯ ಚರಿತ್ರೆಯನ್ನು ಹೇಳುವವರು ಬೇರೆ ಇದ್ದಾರೆ.

ಮೊದಲು ಒಂದು ಲೆಕ್ಕ. ಹಗರಿಬೊಮ್ಮನಹಳ್ಳಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೂಡಿಸಿ ಬರೆದರೆ 18 ಅಕ್ಷರ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಹೆದರುವ ‘ಫೋಟೋಸಿಂಥಸಿಸ್’ಗೆ ಇರುವುದು 14. ‘ಟ್ರಿಗೊನಾಮೆಟ್ರಿ’ಗೆ ಬರೀ 12. ಅಂದರೆ ಆ ಎರಡೂ ಪದಗಳು ನಮ್ಮ ಪಕ್ಕದ ಊರಿನ ಹೆಸರಿಗಿಂತ ಗಿಡ್ಡ. ಆದರೂ ನಾಲ್ಕನೆಯ ತರಗತಿಯ ಹುಡುಗ ಬಸ್ಸಿನ ಮೇಲಿನ ಕನ್ನಡ ಬೋರ್ಡು ನೋಡಿ ‘ಹಗರಿಬೊಮ್ಮನಹಳ್ಳಿ’ ಎಂದು ಒಂದೇ ಉಸಿರಿಗೆ ಓದುತ್ತಾನೆ, ಯಾಕೆ? ಅವನು ಅಕ್ಷರ ಎಣಿಸುವುದಿಲ್ಲ. ಹಗರಿ ಒಂದು, ಬೊಮ್ಮನ ಒಂದು, ಹಳ್ಳಿ ಒಂದು, ಹೀಗೆ ಮೂರು ಗಂಟು ಮಾಡಿಕೊಂಡು ಎತ್ತುತ್ತಾನೆ. ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಅದೇ ಹುಡುಗ ಇಂಗ್ಲಿಷಿಗೆ ಬಂದಾಗ ಹದಿನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಹೊರಲು ಹೋಗುತ್ತಾನೆ. ‘ಪಿ, ಎಚ್, ಓ, ಟಿ, ಓ’ ಎಂದು ಬೆಳಗಿನ ಜಾವ ಎದ್ದು ಉರು ಹೊಡೆಯುತ್ತಾನೆ. ಪರೀಕ್ಷೆಯ ಹಾಲಿನಲ್ಲಿ ಏಳನೆಯ ಅಕ್ಷರ ಮರೆತರೆ ಉಳಿದ ಏಳೂ ಹೋದಂತೆ.

ಇದರ ನಷ್ಟ ಬರೀ ನಾಲ್ಕು ಅಂಕವಲ್ಲ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ದ್ಯುತಿಸಂಶ್ಲೇಷಣೆ’ಯನ್ನು ಚಿತ್ರ ಬರೆದು, ಸಮೀಕರಣ ಬರೆದು ವಿವರಿಸಿದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಸೇರಿ, ಇಂಗ್ಲಿಷ್ ಮಾಧ್ಯಮದ ಪುಸ್ತಕ ತೆರೆದು, ದಸರೆಯ ಹೊತ್ತಿಗೆ ಕಾಲೇಜು ಬಿಟ್ಟು, ದೀಪಾವಳಿಗೆ ಬೆಂಗಳೂರಿನ ಕಟ್ಟಡದ ಕೆಲಸದಿಂದ ಊರಿಗೆ ಬಂದದ್ದನ್ನು ನಾನು ಕಂಡಿದ್ದೇನೆ. ಒಬ್ಬಿಬ್ಬರಲ್ಲ. ಅವರಿಗೆ ವಿಜ್ಞಾನ ಬರುತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಅವರಿಗೆ ಗೊತ್ತಿದ್ದ ವಿಷಯವೇ ಬೇರೆ ಅಂಗಿ ತೊಟ್ಟು ಬಂದಿತ್ತು, ಗುರುತು ಸಿಗಲಿಲ್ಲ, ಅಷ್ಟೆ.

ಪದ ಬಿಡಿಸುವುದರಲ್ಲಿ ಎರಡು ಬಗೆ. ಒಂದು ಕಿವಿಯ ಬಗೆ, ಓದಲಿಕ್ಕೆ. ಇನ್ನೊಂದು ಅರ್ಥದ ಬಗೆ, ತಿಳಿಯಲಿಕ್ಕೆ. ಕಿವಿಯ ತುಂಡಿಗೆ ಇಂಗ್ಲಿಷಿನಲ್ಲಿ ಸಿಲೆಬಲ್ ಎನ್ನುತ್ತಾರೆ. ಒಂದು ಸಿಲೆಬಲ್ಲಿನಲ್ಲಿ ಒಂದೇ ಒಂದು ಸ್ವರದ ದನಿ. ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ‘ಎನ್-ವೈ-ರನ್-ಮೆಂಟ್’ ಎನ್ನಿ. ಗಲ್ಲ ನಾಲ್ಕು ಸಲ ಕೈಗೆ ತಾಗುತ್ತದೆ, ನಾಲ್ಕು ಸಿಲೆಬಲ್. ಹಿಂದಿನ ಸಾಲಿನಲ್ಲಿ ಕುಳಿತ ದೊಡ್ಡವರೂ ಗಲ್ಲಕ್ಕೆ ಕೈ ಇಟ್ಟುಕೊಂಡದ್ದು ಕಾಣಿಸುತ್ತಿದೆ, ಸಂತೋಷ.

ಇದು ನಮ್ಮ ಮಕ್ಕಳಿಗೆ ಹೊಸದಲ್ಲ. ಕನ್ನಡ ಪಿರಿಯಡ್ಡಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಾರಲ್ಲ, ಲಘುವಿಗೆ ಬಟ್ಟಲು, ಗುರುವಿಗೆ ಗೆರೆ, ಅದೇ ವಿದ್ಯೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಕನ್ನಡ ಮೇಷ್ಟ್ರು ಹೇಳಿಕೊಡುತ್ತಾರೆ. ಹಗರಿಬೊಮ್ಮನಹಳ್ಳಿಗೆ ಪ್ರಸ್ತಾರ ಹಾಕಿದರೆ ಎಂಟು ಅಕ್ಷರದಲ್ಲಿ ‘ಬೊ’ ಮತ್ತು ಎರಡನೆಯ ‘ಹ’ ಗುರು. ಬರೆಯುವಾಗ ‘ಬೊ-ಮ್ಮ’ ಎಂದು ಬರೆದರೂ ಬಾಯಿ ‘ಬೊಮ್-ಮ’ ಎಂದೇ ಮುರಿಯುತ್ತದೆ, ಅದಕ್ಕೇ ಅದು ಗುರು. ಇಂಗ್ಲಿಷಿನ ಮೊದಲ ನಿಯಮವೂ ಅದೇ: ಎರಡು ಸ್ವರಗಳ ನಡುವೆ ಎರಡು ವ್ಯಂಜನ ಬಂದರೆ ಸಾಮಾನ್ಯವಾಗಿ ಅವುಗಳ ನಡುವೆ ಮುರಿಯಿರಿ. ‘ಸಿಸ್-ಟರ್’, ‘ವಿನ್-ಡೋ’, ‘ನಂ-ಬರ್’. ಒಂದೇ ವ್ಯಂಜನ ಇದ್ದರೆ ಅದನ್ನು ಮುಂದಿನ ತುಂಡಿಗೆ ಕೊಟ್ಟು ನೋಡಿ: ‘ಪೇ-ಪರ್’, ‘ಟೈ-ಗರ್’, ‘ಸ್ಟೂ-ಡೆಂಟ್’. ಹಾಗೆ ಓದಿದಾಗ ಕೇಳಿದ ಪದವಾಗದಿದ್ದರೆ ಹಿಂದಿನ ತುಂಡಿಗೆ ಕೊಡಿ: ‘ರಿವ್-ಅರ್’, ‘ಲೆಮ್-ಅನ್’. ಎರಡು ಸಲ ಪ್ರಯತ್ನಿಸಿದರೆ ಹೆಚ್ಚಿನ ಪದಗಳು ಬಾಯಿಗೆ ಬರುತ್ತವೆ.

ಇಲ್ಲೊಂದು ಎಡವುವ ಕಲ್ಲಿದೆ. ಕನ್ನಡದಲ್ಲಿ ಬರೆದದ್ದನ್ನೆಲ್ಲ ನುಡಿಯುತ್ತೇವೆ. ‘ಹಳ್ಳಿ’ ಎಂದರೆ ಎರಡು ಳಕಾರವೂ ಕೇಳಬೇಕು, ‘ಹಳಿ’ ಎಂದರೆ ರೈಲು ಬಂದುಬಿಡುತ್ತದೆ. ಆ ಅಭ್ಯಾಸದಲ್ಲಿ ನಮ್ಮ ಮಕ್ಕಳು ‘ಡಿನ್ನರ್’, ‘ಸಮ್ಮರ್’, ‘ಹ್ಯಾಪ್ಪಿ’ ಎಂದು ಒತ್ತಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಆ ಎರಡನೆಯ ಅಕ್ಷರ ನುಡಿಯಲಿಕ್ಕೆ ಇರುವುದಲ್ಲ, ಅದು ಕಾವಲಿಗೆ ನಿಂತಿರುವುದು. ಎರಡು ಎನ್ ಇದ್ದರೆ ‘ಡಿನರ್’, ರಾತ್ರಿಯ ಊಟ. ಒಂದೇ ಎನ್ ಇದ್ದರೆ ‘ಡೈನರ್’, ಊಟ ಮಾಡುವವನು. ಎರಡನೆಯ ಎನ್ ಹಿಂದಿನ ಸ್ವರವನ್ನು ಹಿಗ್ಗದಂತೆ ತಡೆದು ನಿಲ್ಲಿಸಿದೆ. ಇನ್ನು ಕೊನೆಯ ‘ಇ’. ಎಂಟನೆಯ ತರಗತಿಗೆ ಬಂದ ಕೆಲವು ಮಕ್ಕಳು ‘ಎನ್-ಎ-ಎಂ-ಇ’ ನೋಡಿ ‘ನಾಮೆ’ ಎನ್ನುತ್ತಾರೆ. ನಗಬೇಡಿ. ಕನ್ನಡದ ನ್ಯಾಯದಲ್ಲಿ ಅವರು ಸರಿಯಾಗಿಯೇ ಓದಿದ್ದಾರೆ. ಆ ಕೊನೆಯ ‘ಇ’ ತಾನು ಮಾತನಾಡದೆ ಹಿಂದಿನ ಸ್ವರವನ್ನು ಉದ್ದ ಮಾಡುತ್ತದೆ ಎಂದು ಒಮ್ಮೆ ಹೇಳಿದರೆ ಸಾಕು.

‘ಟಿ-ಐ-ಓ-ಎನ್’ ಎಂಬ ಬಾಲವನ್ನೂ ಹೀಗೆಯೇ ‘ಟಿಯೋನ್’ ಎಂದು ಓದುತ್ತಾರೆ. ಅವರಿಗೆ ನಾನು ಕೇಳುತ್ತಿದ್ದೆ: ನಿಮ್ಮ ಮನೆಯಲ್ಲಿ ರೇಷನ್ ಕಾರ್ಡು ಇದೆಯಾ? ಎಲೆಕ್ಷನ್ನಿಗೆ ಯಾರು ನಿಂತಿದ್ದಾರೆ? ಕರೆಂಟಿನ ಕನೆಕ್ಷನ್ ಬಂತಾ? ತಹಸೀಲ್ದಾರರಿಗೆ ಅಪ್ಲಿಕೇಷನ್ ಕೊಟ್ಟಿರಾ? ಶಾಲೆ ಕಟ್ಟೆ ಹತ್ತದ ಅಜ್ಜಿಗೂ ಈ ಬಾಲ ಗೊತ್ತು. ಅಜ್ಜಿಯ ಪೆನ್ಷನ್ನು ಮಾತ್ರ ‘ಎಸ್-ಐ-ಓ-ಎನ್’, ಅದೊಂದನ್ನು ಬೇರೆ ಇಟ್ಟುಕೊಳ್ಳಿ. ಇನ್ನೂ ಒಂದು ಅನುಕೂಲವಿದೆ: ಈ ಬಾಲ ಬಂದಾಗ ಅದರ ಹಿಂದಿನ ತುಂಡಿನ ಮೇಲೇ ಒತ್ತು ಬೀಳುತ್ತದೆ. ಎಜು‘ಕೇ’ಷನ್, ಇನ್ಫರ್‘ಮೇ’ಷನ್. ಕನ್ನಡದಲ್ಲಿ ಇಂಥ ಒತ್ತಿಗೆ ಅಷ್ಟು ಬೆಲೆಯಿಲ್ಲ, ಆದ್ದರಿಂದ ನಮ್ಮ ಕಿವಿಗೆ ಇದನ್ನು ಕಲಿಸಲೇಬೇಕು.

ಇಷ್ಟು ಕಿವಿಯ ಮಾತು. ಈಗ ವ್ಯಾಕರಣ. ವ್ಯಾಕರಣ ಎಂದ ಕೂಡಲೇ ಊಟದ ಪೆಂಡಾಲಿನ ಕಡೆ ನೋಡಬೇಡಿ, ಇದೇ ನನ್ನ ಭಾಷಣದ ಹೂರಣ.

ಇಂಗ್ಲಿಷ್ ಸ್ಪೆಲಿಂಗಿಗೆ ನಿಯಮವೇ ಇಲ್ಲ ಎಂದು ಎಲ್ಲರೂ ಬೈಯುತ್ತಾರೆ. ಆದರೆ ಪದಕ್ಕೆ ಪ್ರತ್ಯಯ ಸೇರುವಾಗ ಆಗುವ ಬದಲಾವಣೆಗಳನ್ನು ನೋಡಿ. ನಮ್ಮ ಮಕ್ಕಳು ‘ಮಾತು + ಇಲ್ಲ = ಮಾತಿಲ್ಲ’, ಲೋಪಸಂಧಿ ಎನ್ನುತ್ತಾರೆ. ‘ಹೋಪ್’ಗೆ ‘ಇಂಗ್’ ಸೇರಿದಾಗ ಕೊನೆಯ ‘ಇ’ ಬಿದ್ದುಹೋಗಿ ‘ಹೋಪಿಂಗ್’ ಆಗುತ್ತದೆ. ಲೋಪ. ‘ಮಳೆ + ಕಾಲ = ಮಳೆಗಾಲ’, ಆದೇಶ. ‘ಹ್ಯಾಪಿ’ಗೆ ‘ನೆಸ್’ ಸೇರಿದಾಗ ಕೊನೆಯ ‘ವೈ’ ಹೋಗಿ ಆ ಜಾಗಕ್ಕೆ ‘ಐ’ ಬರುತ್ತದೆ. ಆದೇಶ. ‘ಮನೆ + ಅನ್ನು = ಮನೆಯನ್ನು’, ಆಗಮ. ‘ಹಾಪ್’, ಅಂದರೆ ಕುಪ್ಪಳಿಸು, ಅದಕ್ಕೆ ‘ಇಂಗ್’ ಸೇರಿದಾಗ ಇಲ್ಲದ ಇನ್ನೊಂದು ‘ಪಿ’ ಬಂದು ಕೂರುತ್ತದೆ. ಆಗಮ. ಪಂಡಿತರು ಕ್ಷಮಿಸಬೇಕು, ಕನ್ನಡದಲ್ಲಿ ಆಗಮ ಎಂದರೆ ಯಕಾರ ವಕಾರಗಳೇ ಎಂಬುದು ನನಗೂ ಗೊತ್ತು. ಆದರೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಷ್ಟು ಹೋಲಿಕೆ ಸಾಕು. ‘ಬರುವುದು, ಹೋಗುವುದು, ಬದಲಾಗುವುದು’ ಎಂಬ ಮೂರೇ ಮಾತಿನಲ್ಲಿ ಅವರು ತಮ್ಮ ಇಂಗ್ಲಿಷ್ ತಪ್ಪುಗಳನ್ನು ತಾವೇ ತಿದ್ದಿಕೊಳ್ಳತೊಡಗುತ್ತಾರೆ.

ಇನ್ನೊಂದು ಸೊಗಸು ಕೇಳಿ. ‘ಇನ್’ ಎಂಬ ಉಪಸರ್ಗಕ್ಕೆ ‘ಅಲ್ಲ’ ಎಂಬ ಅರ್ಥವುಂಟು. ಅದು ‘ಪಾಸಿಬಲ್’ ಮುಂದೆ ‘ಇಮ್’ ಆಗುತ್ತದೆ, ಇಂಪಾಸಿಬಲ್. ‘ಲೀಗಲ್’ ಮುಂದೆ ‘ಇಲ್’ ಆಗುತ್ತದೆ, ಇಲ್ಲೀಗಲ್. ‘ರೆಗ್ಯುಲರ್’ ಮುಂದೆ ‘ಇರ್’. ಮುಂದೆ ಬರುವವರಿಗೆ ತಕ್ಕಂತೆ ತನ್ನ ಮುಖ ಬದಲಿಸಿಕೊಳ್ಳುತ್ತದೆ. ‘ಸತ್ + ಜನ’ ಸಜ್ಜನ ಆದ ಹಾಗೆ, ‘ಜಗತ್ + ನಾಥ’ ಜಗನ್ನಾಥ ಆದ ಹಾಗೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದ ದಿನ ಕನ್ನಡ ಪಂಡಿತರು ಪಕ್ಕದ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದರು. ಅವತ್ತಿನಿಂದ ನಾವಿಬ್ಬರೂ ಸಂಧಿಯ ಪಾಠವನ್ನು ಒಂದೇ ವಾರದಲ್ಲಿ ಇಟ್ಟುಕೊಂಡೆವು. ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಕನ್ನಡದ ಪಿರಿಯಡ್ಡು ಕಡಿಮೆ ಮಾಡಿ ಎಂದು ಪೋಷಕರ ಸಭೆಯಲ್ಲಿ ಹೇಳುವವರಿದ್ದಾರೆ. ನನ್ನ ಅನುಭವ ಇದಕ್ಕೆ ನೇರ ಉಲ್ಟಾ. ಸಂಧಿ ಸಮಾಸ ಬಂದ ಮಕ್ಕಳಿಗೆ ಇಂಗ್ಲಿಷಿನ ಉದ್ದ ಪದ ಬೇಗ ಬಿಚ್ಚಿಕೊಳ್ಳುತ್ತದೆ.

ಅರ್ಥದ ಭಾಗಗಳಿಗೆ ಬಂದರೆ, ನಮ್ಮ ಮಕ್ಕಳ ಕೈಯಲ್ಲಿ ಆಗಲೇ ಒಂದು ಬೀಗದಕೈ ಗೊಂಚಲಿದೆ. ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ತ್ರಿಕೋನಮಿತಿ’ ಎಂದಿದೆಯಲ್ಲ, ಅದನ್ನು ಬಿಡಿಸಿ: ತ್ರಿ, ಕೋನ, ಮಿತಿ. ಈಗ ‘ಟ್ರಿಗೊನಾಮೆಟ್ರಿ’ ಬಿಡಿಸಿ: ಟ್ರಿ, ಗೊನ, ಮೆಟ್ರಿ. ಮೂರಕ್ಕೆ ಮೂರು, ಕೋನಕ್ಕೆ ಕೋನ, ಅಳತೆಗೆ ಅಳತೆ. ಅರ್ಥ ಮಾತ್ರವಲ್ಲ, ದನಿಯೂ ಅಣ್ಣತಮ್ಮಂದಿರಂತಿದೆ. ಒಂದು ಗ್ರೀಕಿನಿಂದ ಇಂಗ್ಲಿಷಿಗೆ ಹೋದದ್ದು, ಇನ್ನೊಂದು ಸಂಸ್ಕೃತದಿಂದ ಕನ್ನಡಕ್ಕೆ ಬಂದದ್ದು. ಇದನ್ನು ತೋರಿಸಿದ ದಿನ ತರಗತಿಯಲ್ಲಿ ಆಗುವ ಗದ್ದಲವನ್ನು ನೀವು ನೋಡಬೇಕು. ‘ಫೋಟೋಸಿಂಥಸಿಸ್’ ಕೂಡ ಹಾಗೆಯೇ. ‘ಫೋಟೋ’ ಎಂದರೆ ಬೆಳಕು, ನಮ್ಮಲ್ಲಿ ದ್ಯುತಿ. ‘ಸಿನ್’ ಎಂದರೆ ಕೂಡಿ, ನಮ್ಮಲ್ಲಿ ಸಂ. ‘ಥೆಸಿಸ್’ ಎಂದರೆ ಇಡುವುದು, ನಮ್ಮವರು ಶ್ಲೇಷಣೆ, ಅಂದರೆ ಸೇರಿಸುವುದು ಎಂದರು. ನಮ್ಮ ಪಾರಿಭಾಷಿಕ ಪದಗಳು ಕಷ್ಟ ಎಂದು ನಗೆಯಾಡುವುದುಂಟು. ಆದರೆ ಅವನ್ನು ಕಟ್ಟಿದವರು ಇಂಗ್ಲಿಷ್ ಪದವನ್ನು ಮೊದಲು ಬಿಡಿಸಿ, ಭಾಗಕ್ಕೆ ಭಾಗ ಜೋಡಿಸಿಯೇ ಕಟ್ಟಿದ್ದಾರೆ. ಕನ್ನಡ ಪದವನ್ನು ಅರ್ಥ ಮಾಡಿಕೊಂಡು ಕಲಿತವನಿಗೆ ಇಂಗ್ಲಿಷ್ ಪದ ಅರ್ಧ ಬಂದ ಹಾಗೆ. ಪಿಯುಸಿಗೆ ಹೋಗುವ ಮುಂಚಿನ ಬೇಸಿಗೆಯಲ್ಲಿ ಇಂಥ ಐವತ್ತು ಜೋಡಿ ಮಾಡಿಸಿದರೆ ಸಾಕು, ದಸರೆಗೆ ಕಾಲೇಜು ಬಿಡುವ ಮಕ್ಕಳಲ್ಲಿ ಕೆಲವರಾದರೂ ಉಳಿಯುತ್ತಾರೆ. ನಾನು ಮಾಡಿಸಿ ನೋಡಿಯೇ ಹೇಳುತ್ತಿದ್ದೇನೆ.

ಊರಿನವರು ಕೇಳಬಹುದು, ಹೊಲ ಮಾಡುವ ನಮಗೆ ಇದರಿಂದ ಏನು ಎಂದು. ಹರಪನಹಳ್ಳಿ ಕಡೆ ಇದ್ದಾಗಿನ ಒಂದು ಸಂಗತಿ ಹೇಳುತ್ತೇನೆ. ಸೈನಿಕ ಹುಳು 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದು ಮೆಕ್ಕೆಜೋಳದ ಸುಳಿ ತಿನ್ನತೊಡಗಿದ ಕಾಲ. ಒಬ್ಬ ರೈತರು ಪಕ್ಕದ ಹೊಲದವರ ಮನೆಯಿಂದ ಅರ್ಧ ಉಳಿದಿದ್ದ ಒಂದು ಡಬ್ಬಿ ತಂದಿದ್ದರು, ‘ಎಣ್ಣೆ’ ಎಂದು. ಕನ್ನಡದ ಚೀಟಿ ಯಾವಾಗಲೋ ಹರಿದುಹೋಗಿತ್ತು. ಪಂಪಿಗೆ ನೀರು ತುಂಬಿಸುತ್ತಿದ್ದಾಗ ಅವರ ಮಗಳು, ನಮ್ಮ ಒಂಬತ್ತನೆಯ ತರಗತಿಯವಳು, ಡಬ್ಬಿಯ ಮೇಲೆ ಉಳಿದಿದ್ದ ಇಂಗ್ಲಿಷನ್ನು ತುಂಡು ತುಂಡಾಗಿ ಓದಿದಳು. ‘ನಾನ್-ಸೆಲೆಕ್ಟ್-ಇವ್ ಹರ್ಬಿ-ಸೈಡ್’. ಹಿಂದಿನ ವಾರವಷ್ಟೇ ತರಗತಿಯಲ್ಲಿ ‘ಇನ್ಸೆಕ್ಟಿ-ಸೈಡ್’ ಬಿಡಿಸಿದ್ದೆವು, ‘ಸೈಡ್’ ಎಂದರೆ ಕೊಲ್ಲುವುದು ಎಂದು. ‘ಹರ್ಬ್’ ಅವಳಿಗೆ ಟಿವಿಯ ಹರ್ಬಲ್ ಶಾಂಪೂ ಜಾಹೀರಾತಿನಿಂದ ಗೊತ್ತಿತ್ತು, ಗಿಡಮೂಲಿಕೆ. ‘ಸೆಲೆಕ್ಟ್’ ಎಂದರೆ ಆರಿಸು, ‘ನಾನ್’ ಎಂದರೆ ಇಲ್ಲ.

“ಅಪ್ಪಾ, ಹೊಡೀಬ್ಯಾಡ ತಡಿ. ಇದು ಹುಳದ ಎಣ್ಣಿ ಅಲ್ಲ, ಗಿಡ ಕೊಲ್ಲೋದು. ಬೆಳಿ ಯಾವ್ದು ಕಳಿ ಯಾವ್ದು ಅಂತ ನೋಡಂಗಿಲ್ಲ ಇದು.”

ಅವರು ಅಲ್ಲಿಗೇ ನಿಲ್ಲಿಸಿ, ಡಬ್ಬಿ ಹಿಡಿದುಕೊಂಡು ಅಂಗಡಿಗೆ ಹೋಗಿ ಕೇಳಿದರು. ಹೌದು, ಅದು ಎಲ್ಲ ಹಸಿರನ್ನೂ ಒಣಗಿಸುವ ಕಳೆನಾಶಕ. ಮಾರನೆಯ ದಿನ ಆ ತಂದೆ ಶಾಲೆಗೆ ಬಂದು ನಿಂತರು. ಹೆಚ್ಚು ಮಾತಾಡಲಿಲ್ಲ. “ಸರ, ಎರಡು ಎಕರೆ ಉಳೀತು ನೋಡ್ರಿ” ಎಂದರು. ಮುಂದಿನ ವರ್ಷ ತನ್ನ ಅಣ್ಣನ ಮಗನನ್ನೂ ನಮ್ಮ ಶಾಲೆಗೇ ಸೇರಿಸಿದರು.

ಅಂದಿನಿಂದ ಮಕ್ಕಳಿಗೆ ಮನೆಯಿಂದ ಪದ ತರಲು ಹೇಳಿದೆ. ಬೀಜದ ಪೊಟ್ಟಣದಿಂದ ‘ಜರ್ಮಿನೇಷನ್’ ಬಂತು: ‘ಜರ್ಮ್’ ಎಂದರೆ ಮೊಳಕೆಯ ಮೂಲ, ಅದರ ಶೇಕಡಾ ಎಷ್ಟು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ನೋಡಿ ತಗೊಳ್ಳಿ. ‘ಫಂಗಿಸೈಡ್’ ಬಂತು, ಬೂಷ್ಟು ಕೊಲ್ಲುವುದು. ಹಡಗಲಿಯ ಮಲ್ಲಿಗೆ ಬೆಳೆಗಾರರ ಮನೆಯಿಂದ ‘ಹಾರ್ಟಿಕಲ್ಚರ್’ ಬಂತು: ‘ಹಾರ್ಟಿ’ ತೋಟ, ‘ಕಲ್ಚರ್’ ಸಾಗುವಳಿ. ‘ಅಗ್ರಿಕಲ್ಚರ್’ನಲ್ಲಿ ಹೊಲ, ‘ಸೆರಿಕಲ್ಚರ್’ನಲ್ಲಿ ರೇಷ್ಮೆ. ಬಸ್ಸಿನಿಂದ ‘ಟ್ರಾನ್ಸ್‌ಪೋರ್ಟ್’: ‘ಟ್ರಾನ್ಸ್’ ಆಚೆಗೆ, ‘ಪೋರ್ಟ್’ ಹೊರು. ರೈಲ್ವೆ ಪೋರ್ಟರ್ ಹೊರುವವನು, ಎಕ್ಸ್‌ಪೋರ್ಟ್ ಹೊರಗೆ ಹೊರುವುದು. ಆಸ್ಪತ್ರೆಯ ಚೀಟಿಯಿಂದ ‘ಹೈಪೋಗ್ಲೈಸೀಮಿಯಾ’: ‘ಹೈಪೋ’ ಕಡಿಮೆ, ‘ಗ್ಲೈಸ್’ ಸಿಹಿ, ‘ಈಮಿಯಾ’ ರಕ್ತದಲ್ಲಿ. ‘ಹೈಪರ್’ ಆದರೆ ಹೆಚ್ಚು. ಎರಡಕ್ಕೂ ನಡುವೆ ಒಂದೆರಡು ಅಕ್ಷರದ ವ್ಯತ್ಯಾಸ, ಔಷಧಿ ಪೂರಾ ಉಲ್ಟಾ. ಇಲ್ಲಿ ಕುಳಿತಿರುವ ಮೊದಲ ಬ್ಯಾಚುಗಳ ಹಳೆಯ ವಿದ್ಯಾರ್ಥಿಗಳಿಗೆ ಈ ಎರಡು ಪದ ಬೇಗ ಬಾಯಿಪಾಠವಾದೀತು!

‘ಇನ್ಸೆಕ್ಟ್’ ಪದವನ್ನೇ ಬಿಡಿಸಿದರೆ ‘ಇನ್’ ಒಳಗೆ, ‘ಸೆಕ್ಟ್’ ಕತ್ತರಿಸು. ನಡು ಕತ್ತರಿಸಿದಂತೆ ಕಾಣುವ ಜೀವಿ. ಇರುವೆಯ ನಡು ನೋಡಿ, ತಿಳಿಯುತ್ತದೆ. ರೇಖಾಗಣಿತದ ‘ಬೈಸೆಕ್ಟ್’, ಎರಡಾಗಿ ಕತ್ತರಿಸು, ಇದೇ ಮನೆತನದ್ದು.

ಆದರೆ ಸಿಕ್ಕಲ್ಲಿ ಕೊಡಲಿ ಹಾಕಬಾರದು. ‘ಅನ್’ ಎಂದರೆ ಇಲ್ಲ ಎಂದು ಹೇಳಿಕೊಟ್ಟ ಮರುದಿನ ಒಬ್ಬ ಹುಡುಗ “ಅಂಕಲ್ ಅಂದ್ರೆ ಏನಿಲ್ಲದವ್ರು ಸರ್?” ಎಂದು ಕೇಳಿದ. ‘ಬಟರ್‌ಫ್ಲೈ’ಯಲ್ಲಿ ಬೆಣ್ಣೆಯೂ ಇಲ್ಲ, ನೊಣವೂ ಅಲ್ಲ. ನಮ್ಮ ಬಹುವ್ರೀಹಿಯ ಹಾಗೆ, ಬಿಡಿಸಿದ ಎರಡು ಪದಗಳನ್ನೂ ಬಿಟ್ಟು ಅರ್ಥ ಮೂರನೆಯ ಕಡೆ ಇರುತ್ತದೆ. ಉಳಿದ ಮಾತೇನು, ಮೈಲಾರದ ಕಾರ್ಣಿಕದ ಒಂದು ಸಾಲನ್ನು ಹಿಡಿದುಕೊಂಡು ಮಳೆಗೊಮ್ಮೆ, ಬೆಳೆಗೊಮ್ಮೆ, ರಾಜಕೀಯಕ್ಕೊಮ್ಮೆ ಎಂದು ವರ್ಷವಿಡೀ ಬಿಡಿಸುವ ಜನ ನಾವು. ಬಿಡಿಸುವ ಚಟ ಇದೆ. ಎಲ್ಲಿ ಕೀಲಿದೆ ಎಂದು ನೋಡಿ ಬಿಡಿಸುವುದನ್ನು ಕಲಿಯಬೇಕು, ಅನುಮಾನ ಬಂದರೆ ನಿಘಂಟು ತೆಗೆಯಬೇಕು.

‘ಲೆಫ್ಟಿನೆಂಟ್’ ಸ್ಪೆಲಿಂಗಿಗೆ ನಮ್ಮಲ್ಲಿ ಒಂದು ಹಳೆಯ ಉಪಾಯವಿದೆ: ‘ಸುಳ್ಳು-ನೀನು-ಹತ್ತು-ಇರುವೆ’. ಲೈ, ಯು, ಟೆನ್, ಆಂಟ್. ಸ್ಪೆಲಿಂಗ್ ಬರುತ್ತದೆ, ಬೇಡವೆನ್ನುವುದಿಲ್ಲ. ಆದರೆ ಕೀಲು ಇರುವುದು ಬೇರೆ ಕಡೆ. ‘ಲ್ಯೂ’ ಎಂದರೆ ಸ್ಥಾನ, ‘ಟೆನೆಂಟ್’ ಎಂದರೆ ಹಿಡಿದುಕೊಂಡಿರುವವನು. ಮೇಲಿನವರ ಸ್ಥಾನವನ್ನು ಅವರ ಪರವಾಗಿ ಹಿಡಿದವನು ಲೆಫ್ಟಿನೆಂಟ್. ಟೆನೆಂಟ್ ಯಾರೆಂದು ಹಿರಿಯರಿಗೆ ನಾನು ಹೇಳಬೇಕಿಲ್ಲ. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರಾಗಿ 7ನೇ ನಂಬರಿನ ಫಾರಂ ತುಂಬಿದವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದೀರಿ.

ಕೀಲು ಎಲ್ಲಿದೆ ಎಂದು ಸರಿಯಾಗಿ ಕಂಡವರು ನಮ್ಮ ಹರಪನಹಳ್ಳಿಯವರೇ ಒಬ್ಬರಿದ್ದರು. 1913ರಲ್ಲಿ ಅಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಅಂದರೆ ಬೀಚಿ. ‘ಬಯೋ’ ಜೀವನ, ‘ಗ್ರಫಿ’ ಬರಹ, ಬಯಾಗ್ರಫಿ. ಅವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಒಂದು ಭಾಗ ತೆಗೆದು ಅದೇ ಜಾಗಕ್ಕೆ ‘ಭಯ’ ಕೂರಿಸಿದರೆ ಇಂಗ್ಲಿಷ್ ಪದ ಕನ್ನಡದ ನಗೆಯಾಯಿತು. ಪದದ ಭಾಗಗಳ ಪಾಠವನ್ನು ಆ ಒಂದೇ ಹೆಸರಿನಿಂದ ಶುರುಮಾಡಬಹುದು.

ಇದು ಬರೀ ನಮ್ಮ ಪಾಡೂ ಅಲ್ಲ. ಇನ್ನೂರು ವರ್ಷದ ಹಿಂದೆ ಲಂಡನ್ ಮಿಷನ್ನಿನ ವಿಲಿಯಂ ರೀವ್ ಎಂಬ ಇಂಗ್ಲಿಷರು ನಮ್ಮ ಬಳ್ಳಾರಿಯಲ್ಲಿದ್ದು ನಮ್ಮ ಮಾತು ಕಲಿತರು. 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದವು. ನಿಘಂಟು ಮಾಡುವವನು ‘ಮನೆಯವರಿಗೂ’ ಎಂಬ ಒಂದು ಪದದಲ್ಲಿ ಮೂಲ ಎಲ್ಲಿ ಮುಗಿಯಿತು, ಪ್ರತ್ಯಯ ಎಲ್ಲಿ ಶುರುವಾಯಿತು ಎಂದು ಬಿಡಿಸದೆ ಒಂದು ಸಾಲೂ ಬರೆಯಲಾರ. ನಮ್ಮ ಉದ್ದ ಪದಗಳ ಮುಂದೆ ಅವರೂ ಗಲ್ಲಕ್ಕೆ ಕೈ ಕೊಟ್ಟು ಕುಳಿತಿರಬೇಕು!

ಹೆಚ್ಚು ಹೊತ್ತು ತೆಗೆದುಕೊಂಡೆ. ಒಂದು ಬೇಡಿಕೆ, ಒಂದು ಕೆಲಸ. ಬೇಡಿಕೆ ಹಳೆಯ ವಿದ್ಯಾರ್ಥಿಗಳಲ್ಲಿ: ಶಾಲೆಗೆ ಕಮಾನು, ಗಡಿಯಾರ ಕೊಡುವುದಾಗಿ ಹೇಳಿದ್ದೀರಿ, ಅದರ ಜೊತೆಗೆ ಪದದ ಮೂಲ ಕೊಡುವ ದೊಡ್ಡ ಇಂಗ್ಲಿಷ್ ನಿಘಂಟು ತರಗತಿಗೆ ಒಂದರಂತೆ ಕೊಡಿಸಿ, ಬೀರುವಿನಲ್ಲಿ ಬೀಗ ಹಾಕದೆ ಮೇಜಿನ ಮೇಲೆ ಇಡಿ. ಕೆಲಸ ಇಂದಿನ ಶಿಕ್ಷಕರಿಗೆ: ಮಕ್ಕಳು ಮನೆಯಿಂದ ತಂದ ಪದಗಳನ್ನು ಬರೆಸಿಟ್ಟ ನಾಲ್ಕು ನ��ಟ್‌ಬುಕ್ಕುಗಳಿವೆ, ಈವತ್ತು ಇಂಗ್ಲಿಷ್ ಮೇಡಂ ಅವರ ಕೈಗೆ ಕೊಡುತ್ತಿದ್ದೇನೆ. ನಾಲ್ಕನೆಯದರಲ್ಲಿ ಕೊನೆಯ ಪದ ಒಬ್ಬ ಹುಡುಗಿ ಬರೆದದ್ದು: ‘ಡಿಸ್-ಅಪಾಯಿಂಟ್-ಮೆಂಟ್’. ಪಕ್ಕದಲ್ಲಿ ಅವಳದೇ ಊಹೆ, “ಅಪಾಯಿಂಟ್‌ಮೆಂಟ್ ಆರ್ಡರ್ ವಾಪಸ್ ತಗೊಂಡ್ರೆ ಆಗೋದು?” ನಿಘಂಟು ನೋಡಿದೆ. ಆ ಪದದ ಹಳೆಯ ಅರ್ಥ ಅದೇ ಇದೆ, ಕೊಟ್ಟ ಹುದ್ದೆಯಿಂದ ತೆಗೆಯುವುದು. ಪೂರ್ತಿ ಅಂಕ ಕೊಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧದಷ್ಟು ಹಾಳೆ ಇದೆ ಮೇಡಂ, ಮುಂದಿನ ಪದ ಎಂಟನೆಯ ತರಗತಿಯವರಿಂದ ಬರೆಸಿ.